ನೀರಾಟವೂ ಮುಟ್ಟಾಟವೂ

ಈಜು ತಂಡದ ಮಕ್ಕಳಿಗೆ ದಿನದ ಅಭ್ಯಾಸದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಕೊನೆಯ ಹದಿನೈದು ನಿಮಿಷ. ಅಲ್ಲಿಯವರೆಗೆ ಅವರು ಗೋಡೆಯ ಗಡಿಯಾರ ನೋಡಿಕೊಂಡು, ಕೊಳದ ತಳದ ಕಪ್ಪು ಗೆರೆಯನ್ನೇ ದಿಟ್ಟಿಸುತ್ತ, ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗಿ ಬಂದು ಮಾಡಿರುತ್ತಾರೆ. ಆಮೇಲೆ ಕೋಚ್ ಸೀಟಿ ಊದಿ ‘ಇನ್ನು ಆಡ್ಕೊಳ್ಳಿ’ ಎನ್ನುತ್ತಾರೆ. ಲೇನ್‌ಗಳನ್ನು ಬೇರ್ಪಡಿಸುವ ತೇಲುಹಗ್ಗ ಸರಿದ ಕೂಡಲೇ ಅದೇ ನೀರು ಬೇರೊಂದು ಜಾಗವಾಗುತ್ತದೆ. ಒಬ್ಬ ಕಣ್ಣು ಮುಚ್ಚಿಕೊಂಡು ‘ಮಾರ್ಕೊ’ ಎಂದು ಕೂಗುತ್ತಾನೆ. ಉಳಿದವರು ತಪ್ಪಿಸಿಕೊಳ್ಳುತ್ತಲೇ ‘ಪೋಲೊ’ ಎಂದು ಓಗೊಡಬೇಕು. ದನಿಯ ಜಾಡು ಹಿಡಿದು ಅವನು ಯಾರನ್ನಾದರೂ ಮುಟ್ಟಬೇಕು. ಇಲ್ಲವೇ ಒಬ್ಬಳು ನಡುನೀರಿನಲ್ಲಿ ಶಾರ್ಕ್ ಆಗಿ ನಿಲ್ಲುತ್ತಾಳೆ. ಮಿಕ್ಕವರು ಸಣ್ಣ ಮೀನುಗಳು. ಈ ಬದಿಯಿಂದ ಆ ಬದಿಗೆ ದಾಟುವಾಗ ಮುಟ್ಟಿಸಿಕೊಂಡವರೆಲ್ಲ ಶಾರ್ಕ್‌ನ ಪಕ್ಷ ಸೇರುತ್ತಾರೆ.

ಈ ಆಟಗಳಿಗೆ ಪದಕವಿಲ್ಲ, ದಾಖಲೆ ಪುಸ್ತಕವಿಲ್ಲ. ಹಾಗಾಗಿ ಕ್ರೀಡೆಯ ಇತಿಹಾಸ ಬರೆಯುವವರೂ ಇವುಗಳ ಕಡೆ ಅಷ್ಟಾಗಿ ತಿರುಗಿ ನೋಡಿಲ್ಲ. ಆದರೆ ಒಂದು ಸಣ್ಣ ವ್ಯತ್ಯಾಸವನ್ನು ಗಮನಿಸಿ. ಈಜಿನ ಸ್ಪರ್ಧೆಯಲ್ಲಿ ಪಕ್ಕದವರನ್ನು ಮುಟ್ಟುವ ಅಗತ್ಯವೇ ಇಲ್ಲ. ಅವರ ಲೇನ್‌ಗೆ ನುಗ್ಗಿ ಅಡ್ಡಿಪಡಿಸಿದರೆ ಅನರ್ಹರಾಗುತ್ತೀರಿ. ಕೊಳದ ಆಟ ನಡೆಯುವುದೇ ಮುಟ್ಟುವುದರಿಂದ. ಸ್ಪರ್ಧೆಗೆ ಕನ್ನಡದಲ್ಲಿ ಈಜು ಎಂಬ ಪದವಿದೆ, ಆಟಕ್ಕೆ ನೀರಾಟ ಎಂಬ ಬೇರೆಯದೇ ಪದವಿದೆ. ಒಂದೇ ನೀರಿನಲ್ಲಿ ಯಾರು ಯಾರನ್ನು ಮುಟ್ಟಬಹುದು ಎಂಬ ಪ್ರಶ್ನೆ ಎದ್ದಾಗಲೆಲ್ಲ ಸಮಾಜಗಳು ಹೆಚ್ಚು ಬೆದರಿದ್ದು ನೀರಾಟಕ್ಕೆ. ಈ ಲೇಖನ ಆ ಬೆದರಿಕೆಯ ಇತಿಹಾಸವನ್ನು ಕೊಂಚ ಹಿಂಬಾಲಿಸುತ್ತದೆ.

ಅರಸರ ಕೊಳ, ಹುಡುಗರ ಹೊಳೆ

ನಮ್ಮ ಕಾವ್ಯಗಳಲ್ಲಿ ನೀರಾಟಕ್ಕೆ ಕೊರತೆಯಿಲ್ಲ. ಮಹಾಕಾವ್ಯದಲ್ಲಿ ಇರಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದು. ಹಳಗನ್ನಡ ಓದುವ ವಿದ್ಯಾರ್ಥಿಗಳು ಕಡಲು, ಬೆಟ್ಟ, ಚಂದ್ರೋದಯಗಳ ಜೊತೆ ಅದನ್ನೂ ಪಟ್ಟಿಯಲ್ಲಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳು, ಇಪ್ಪತ್ತಿಪ್ಪತ್ತರಂತೆ ಐದು ವಿಂಶತಿಗಳು. ಅರಸನ ಆಟಗಳಿಗೇ ಮೀಸಲಾದ ವಿಂಶತಿಯಲ್ಲಿ ಒಬ್ಬರ ಮೇಲೊಬ್ಬರು ನೀರೆರಚುವ ಸೇಚನ ಕ್ರೀಡೆ ಬೇರೆ, ನೀರಿಗಿಳಿದು ಆಡುವ ಸಲಿಲ ಕ್ರೀಡೆ ಬೇರೆ. ಇಷ್ಟು ಚೊಕ್ಕವಾಗಿ ಆಟಗಳನ್ನು ವಿಂಗಡಿಸಿದ ಅರಸ ಯಾವ ನಾಡಿಗೂ ಹೆಮ್ಮೆ. ಆದರೆ ಆ ಕೊಳಕ್ಕೆ ಇಳಿಯುವವರು ಅರಸ ಮತ್ತು ಅವನ ಅಂತಃಪುರದವರು. ಹಂಪಿಯ ರಾಣಿ ಸ್ನಾನಗೃಹದ ಕಮಾನುಗಳ ನಡುವೆ ನಿಂತವರಿಗೂ ಇದೇ ಯೋಚನೆ ಬರುತ್ತದೆ: ಸುತ್ತ ಎತ್ತರದ ಗೋಡೆ, ಒಳಗೆ ನೀರು. ಕೊಳಕ್ಕೆ ಕಾಲುವೆ ತೋಡಿದವರು ಎಂದಾದರೂ ಅದರಲ್ಲಿ ಕಾಲಾಡಿಸಿದರೇ ಎಂಬುದು ಕಾವ್ಯದ ವರ್ಣನೆಯ ವ್ಯಾಪ್ತಿಗೆ ಬರುವುದಿಲ್ಲ.

ಮಕ್ಕಳ ನೀರಾಟ ಸಿಗುವುದು ಮಹಾಭಾರತದ ಆದಿಪರ್ವದಲ್ಲಿ. ಹಸ್ತಿನಾವತಿಯ ನೂರೈದು ಹುಡುಗರು ಒಟ್ಟಿಗೆ ಬೆಳೆಯುವ ದಿನಗಳವು. ನೀರಿನಲ್ಲಿ ಆಡುವಾಗ ಭೀಮ ಹತ್ತು ಹುಡುಗರನ್ನು ಒಟ್ಟಿಗೆ ತೋಳುಗಳಲ್ಲಿ ಅವುಚಿಕೊಂಡು ಮುಳುಗುತ್ತಾನೆ, ಅವರು ಉಸಿರು ಹೋದಂತಾದಾಗ ಬಿಡುತ್ತಾನೆ. ಅವನು ಹೀಗೆ ಮಾಡುತ್ತಿದ್ದದ್ದು ಹುಡುಗಾಟದಿಂದ, ದ್ವೇಷದಿಂದಲ್ಲ ಎಂದೂ ಕವಿ ಸೇರಿಸುತ್ತಾನೆ. ಯಾವ ಈಜುಕೊಳದ ಕೋಚ್‌ನನ್ನು ಕೇಳಿದರೂ ಇಂಥ ಒಬ್ಬ ಹುಡುಗ ತಂಡದಲ್ಲಿ ಇದ್ದೇ ಇರುತ್ತಾನೆ ಎಂದಾರು. ಮುಳುಗಿಸುವವನಿಗೆ ಅದು ಆಟ, ಮುಳುಗಿಸಿಕೊಂಡವನಿಗೆ ಅದು ನೆನಪು. ಮುಂದೆ ಗಂಗೆಯ ದಡದ ಪ್ರಮಾಣಕೋಟಿಯಲ್ಲಿ ದುರ್ಯೋಧನ ಜಲಕ್ರೀಡೆಗೆಂದೇ ಬಿಡಾರ ಕಟ್ಟಿಸುತ್ತಾನೆ. ಭೀಮನಿಗೆ ವಿಷವಿಕ್ಕಿ, ಆಟದ ದಣಿವಿನಲ್ಲಿ ಮೈಮರೆತವನನ್ನು ಬಳ್ಳಿಗಳಿಂದ ಬಿಗಿದು ನೀರಿಗೆ ನೂಕುತ್ತಾನೆ. ಕುರುಕ್ಷೇತ್ರದ ಮೊದಲ ಕೊಲೆಯತ್ನ ನಡೆದದ್ದು ಹುಡುಗರ ನೀರಾಟದ ನೆಪದಲ್ಲಿ.

ಕಥೆಯ ಕೊನೆಯೂ ನೀರಿಗೇ ಬರುತ್ತದೆ. ರನ್ನನ ‘ಗದಾಯುದ್ಧ’ವನ್ನು ಓದಿದವರಿಗೆ ವೈಶಂಪಾಯನ ಸರೋವರ ಗೊತ್ತು. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಮಂತ್ರಬಲದಿಂದ ಅಲ್ಲಿ ಅಡಗಿರುತ್ತಾನೆ. ದಡದಲ್ಲಿ ನಿಂತ ಭೀಮನಿಗೆ ಅವನು ಕಾಣುವುದಿಲ್ಲ. ಕಾಣದವನನ್ನು ಹೊರಗೆ ಎಳೆಯಲು ಭೀಮನ ಬಳಿ ಇರುವುದು ದನಿಯೊಂದೇ. ಮೂದಲಿಕೆಯ ಆ ಕೂಗಿಗೆ ಛಲದಂಕಮಲ್ಲ ತಡೆದುಕೊಂಡು ಕೂರಲಾರ. ಅಡಗಿದ್ದವನು ಎದ್ದು ಬರುತ್ತಾನೆ. ಕೂಗಿದರೆ ಓಗೊಡಲೇಬೇಕು ಎಂಬ ನಿಯಮ ಮಾರ್ಕೊ ಪೋಲೊ ಆಟದ ಜೀವ ತಾನೆ? ರನ್ನನಿಗೆ ಆ ಆಟ ಗೊತ್ತಿರಲಿಲ್ಲ. ಆದರೆ ನೀರಿನಲ್ಲಿ ಅಡಗಿದವನನ್ನು ದನಿ ಹೇಗೆ ಹಿಡಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಾವಿಯ ಪಾಠಶಾಲೆ

ಅರಸರ ಕೊಳದಾಚೆ, ಕನ್ನಡ ನಾಡಿನ ಬಹುಪಾಲು ಜನ ಈಜು ಕಲಿತದ್ದು ತೋಟದ ಬಾವಿಯಲ್ಲಿ, ಕೆರೆಯಲ್ಲಿ, ಹೊಳೆಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡು ಕಟ್ಟಿ, ಕೆಲವೆಡೆ ಬಾಳೆದಿಂಡು ಕೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು ಅಣ್ಣನೋ ಸೋದರಮಾವನೋ ನೀರಿಗೆ ತಳ್ಳುತ್ತಿದ್ದ. ಎರಡು ಗುಟುಕು ನೀರು ಕುಡಿದ ಮೇಲೆ ಕೈಕಾಲು ತಾನಾಗಿ ಆಡುತ್ತಿತ್ತು. ಮೈಸೂರು ಸೀಮೆಯಲ್ಲಿ ಈಜುವುದಾದರೆ ಧಾರವಾಡದ ಕಡೆ ಈಸುವುದು. ಯಾವ ಸೀಮೆಯಲ್ಲೇ ಆಗಲಿ ಕಲಿಕೆ ಮುಗಿದ ಮರುದಿನವೇ ಆಟ ಶುರು: ಮೇಲಿನ ಕಲ್ಲಿನಿಂದ ಧುಮುಕುವುದು, ತಳದ ಮಣ್ಣು ಹಿಡಿದು ತಂದು ತೋರಿಸುವುದು, ಯಾರ ದಮ್ಮು ಹೆಚ್ಚೆಂದು ಮುಳುಗಿ ಕೂರುವುದು, ನೀರಿನಲ್ಲೇ ಅಟ್ಟಿಸಿಕೊಂಡು ಹೋಗಿ ಮುಟ್ಟುವುದು.

ಈ ಚಿತ್ರ ನೆನಪಿನ ಬರಹಗಳಲ್ಲಿ ಎಷ್ಟೊಂದು ಸಲ, ಎಷ್ಟೊಂದು ಪ್ರೀತಿಯಿಂದ ಬಂದಿದೆ! ಅದರಲ್ಲಿ ಸುಳ್ಳೇನಿಲ್ಲ. ಆದರೆ ‘ಊರ ಹುಡುಗರೆಲ್ಲ’ ಎಂಬಲ್ಲಿ ಆ ‘ಎಲ್ಲ’ದ ಸುತ್ತಳತೆ ಎಷ್ಟು ಎಂದು ಕೇಳಬೇಕು. ಊರ ಬಾವಿ ಬೇರೆ, ಕೇರಿಯ ಬಾವಿ ಬೇರೆ ಇದ್ದ ಕಾಲದಲ್ಲಿ ಮುಟ್ಟಾಟ ಊರೊಳಗಿನ ಆಟವಾಗಿತ್ತು. ಕನ್ನಡದಲ್ಲಿ ‘ಮುಟ್ಟು’ ಎಂಬ ಒಂದೇ ಧಾತು ಮಕ್ಕಳ ಆಟಕ್ಕೂ ಮಡಿಮೈಲಿಗೆಯ ಲೋಕಕ್ಕೂ ಹೆಸರು ಕೊಟ್ಟಿದೆ. ಆಟದಲ್ಲಿ ಮುಟ್ಟಿಸಿಕೊಂಡವನು ‘ಔಟ್’. ಊರಿನ ನಿಯಮದಲ್ಲಿ ಮುಟ್ಟಿದವನೇ ಹೊರಗೆ.

ಇದನ್ನು ಶಿವರಾಮ ಕಾರಂತರಷ್ಟು ನೇರವಾಗಿ ಕಂಡವರು ಅಪರೂಪ. 1933ರ ‘ಚೋಮನ ದುಡಿ’ಯಲ್ಲಿ ಚೋಮನ ಎಳೆಯ ಮಗನೊಬ್ಬ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಜನರಿಲ್ಲದೆ ಅಲ್ಲ. ಇದ್ದವರಿಗೆ ಈಜು ಬರುವುದಿಲ್ಲ ಎಂದೂ ಅಲ್ಲ. ಅವನನ್ನು ಎತ್ತಬೇಕಾದರೆ ಮುಟ್ಟಬೇಕು. ಬಿ. ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು. ಓದಿದವರಿಗಾಗಲಿ ನೋಡಿದವರಿಗಾಗಲಿ ಆ ಹೊಳೆಯ ಪ್ರಸಂಗ ಸುಲಭಕ್ಕೆ ಮರೆಯುವಂಥದ್ದಲ್ಲ. ನೀರಿನಲ್ಲಿ ಮುಟ್ಟುವುದು ಆಟ ಮಾತ್ರವಲ್ಲ, ಜೀವ ಉಳಿಸುವ ಏಕೈಕ ದಾರಿಯೂ ಹೌದು ಎಂಬುದನ್ನು ಕನ್ನಡ ಕಾದಂಬರಿ ತೊಂಬತ್ತು ವರ್ಷಗಳ ಹಿಂದೆಯೇ ಹೇಳಿಯಾಗಿತ್ತು.

ಆ ಕಾದಂಬರಿಗೆ ಆರು ವರ್ಷ ಮೊದಲು, 1927ರ ಮಾರ್ಚ್ 20ರಂದು, ಬಾಬಾಸಾಹೇಬ್ ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿದ್ದರು. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ಬೊಂಬಾಯಿ ಶಾಸನ ಪರಿಷತ್ತು 1923ರಲ್ಲೇ ಗೊತ್ತುವಳಿ ಅಂಗೀಕರಿಸಿತ್ತು. ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಗೊತ್ತುವಳಿ ಕಾಗದದಲ್ಲಿ ಉಳಿಯಿತು. ಕೆರೆಗಿಳಿದವರ ಮೇಲೆ ಹಲ್ಲೆಯಾಯಿತು. ಸವರ್ಣೀಯರು ಪಂಚಗವ್ಯ ಬೆರೆಸಿದ 108 ಕೊಡ ನೀರು ಸುರಿದು ಕೆರೆಯನ್ನು ‘ಶುದ್ಧಿ’ ಮಾಡಿದರು. ಕೋರ್ಟಿನ ದಾವೆ ಹತ್ತು ವರ್ಷ ನಡೆದು 1937ರಲ್ಲಿ ಬೊಂಬಾಯಿ ಹೈಕೋರ್ಟು ದಲಿತರ ಪರ ತೀರ್ಪಿತ್ತಿತು. ಅದೇ 1927ರ ಡಿಸೆಂಬರಿನ ಸಮ್ಮೇಳನದಲ್ಲಿ ಅಂಬೇಡ್ಕರ್ ತಮ್ಮ ಹೋರಾಟ ಬಾಯಾರಿಕೆಯದಲ್ಲ, ಸಮಾನತೆಯದು ಎಂದು ವಿವರಿಸಿದ್ದರು. ಕುಡಿಯುವ ನೀರನ್ನು ಬೇರೊಂದು ಕಡೆಯಿಂದ ತರಬಹುದು. ಒಟ್ಟಿಗೆ ಒಂದೇ ನೀರಿಗೆ ಇಳಿಯುವುದಕ್ಕೆ ಬದಲಿ ಇಲ್ಲ.

ತೆಪ್ಪದ ಮೇಲಿನ ಹುಡುಗ

ಈ ಪ್ರಶ್ನೆ ನಮ್ಮದೊಂದೇ ಅಲ್ಲ. ಈಜುಕೊಳದ ಸಾಮಾಜಿಕ ಇತಿಹಾಸ ಬಹಳ ವಿವರವಾಗಿ ಬರೆಯಲ್ಪಟ್ಟಿರುವುದು ಅಮೆರಿಕದಲ್ಲಿ. ಜೆಫ್ ವಿಲ್ಟ್‌ಸೀ ಎಂಬ ಇತಿಹಾಸಕಾರರ ‘ಕಂಟೆಸ್ಟೆಡ್ ವಾಟರ್ಸ್’ (2007) ಎಂಬ ಪುಸ್ತಕ ಅಲ್ಲಿನ ನಗರಸಭೆಗಳ ಕೊಳಗಳ ಕಥೆಯನ್ನು ಹೇಳುತ್ತದೆ. ನಾವು ನಿರೀಕ್ಷಿಸದ ಒಂದು ಸಂಗತಿಯಿಂದ ಆ ಕಥೆ ತೊಡಗುತ್ತದೆ. 1880ರ ದಶಕದ ಫಿಲಡೆಲ್ಫಿಯಾದಂಥ ನಗರಗಳಲ್ಲಿ ಕೊಳಗಳನ್ನು ಕಟ್ಟಿದ್ದು ಮನೆಯಲ್ಲಿ ಸ್ನಾನದ ವ್ಯವಸ್ಥೆಯಿಲ್ಲದ ಬಡವರು ಮೈ ತೊಳೆದುಕೊಳ್ಳಲಿ ಎಂದು. ಅಲ್ಲಿ ವಲಸೆ ಬಂದ ಬಿಳಿಯ ಕಾರ್ಮಿಕರೂ ಕಪ್ಪು ಜನರೂ ಒಟ್ಟಿಗೇ ಇಳಿಯುತ್ತಿದ್ದರು. ಗಂಡಸರಿಗೆ ಒಂದು ದಿನ, ಹೆಂಗಸರಿಗೆ ಇನ್ನೊಂದು ದಿನ. ಹುಡುಗರಂತೂ ಮೈ ತೊಳೆಯುವುದನ್ನು ಮರೆತು ಕೂಗಾಡಿ, ಮುಳುಗಿಸಾಡಿ, ನೀರೆರಚಿ ಸ್ನಾನದ ಕೊಳವನ್ನು ಆಟದ ಕೊಳವಾಗಿಸಿಬಿಟ್ಟರು.

ಗೋಡೆ ಎದ್ದದ್ದು ಆಮೇಲೆ. 1920 ಮತ್ತು 30ರ ದಶಕಗಳಲ್ಲಿ ಮರಳದಂಡೆ, ಹುಲ್ಲುಹಾಸುಗಳಿರುವ ದೊಡ್ಡ ವಿಹಾರದ ಕೊಳಗಳು ಬಂದವು. ಗಂಡು ಹೆಣ್ಣು ಒಟ್ಟಿಗೆ ಇಳಿಯಲು ಅವಕಾಶವಾಯಿತು. ಕಪ್ಪು ಜನರನ್ನು ಹೊರಗಿಡುವ ಹಟ ಬಲವಾದದ್ದು ಸರಿಯಾಗಿ ಆಗ ಎನ್ನುತ್ತಾರೆ ವಿಲ್ಟ್‌ಸೀ. ಕಪ್ಪು ಗಂಡಸರು ಬಿಳಿಯ ಹೆಂಗಸರ ಜೊತೆ ಒಂದೇ ನೀರಿನಲ್ಲಿ ಆಡುವ ಕಲ್ಪನೆಯೇ ಬಿಳಿಯರಿಗೆ ಸಹಿಸಲಾಗಲಿಲ್ಲ. ಕಪ್ಪು ಮೈಯಿಂದ ರೋಗ ಹರಡುತ್ತದೆಂಬ ನೆಪವೂ ಅದರ ಜೊತೆ ಸೇರಿತು. ಪಿಟ್ಸ್‌ಬರ್ಗ್‌ನ ಹೈಲ್ಯಾಂಡ್ ಪಾರ್ಕ್ ಕೊಳ 1931ರಲ್ಲಿ ತೆರೆದಾಗ ಕಾಗದದ ಮೇಲೆ ಯಾವ ನಿಷೇಧವೂ ಇರಲಿಲ್ಲ. ನೀರಿಗಿಳಿದ ಕಪ್ಪು ಹುಡುಗರನ್ನು ಗುಂಪುಗಳು ಹೊಡೆದು ಮುಳುಗಿಸಿ ಓಡಿಸಿದವು. ಸೇಂಟ್ ಲೂಯಿಸ್‌ನ ಫೇರ್‌ಗ್ರೌಂಡ್ ಪಾರ್ಕ್ ಕೊಳವನ್ನು 1949ರ ಜೂನ್ 21ರಂದು ಎಲ್ಲರಿಗೂ ತೆರೆದ ದಿನವೇ ದೊಂಬಿ ಎದ್ದಿತು, ಮೇಯರ್ ಆದೇಶವನ್ನು ಹಿಂತೆಗೆದುಕೊಂಡರು. ಮರುವರ್ಷ ಕೋರ್ಟು ಮತ್ತೆ ತೆರೆಸಿದಾಗ ಬಿಳಿಯರು ಬರುವುದನ್ನೇ ನಿಲ್ಲಿಸಿದರು. ಕೆಲವೇ ವರ್ಷಗಳಲ್ಲಿ ಕೊಳ ಮುಚ್ಚಿಹೋಯಿತು.

ಆ ಪುಸ್ತಕದ ಎಲ್ಲ ಪ್ರಸಂಗಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಓಹಾಯೊ ರಾಜ್ಯದ ಯಂಗ್ಸ್‌ಟೌನ್‌ದು. 1951. ಮಕ್ಕಳ ಬೇಸ್‌ಬಾಲ್ ತಂಡವೊಂದು ಊರಿನ ಚಾಂಪಿಯನ್ ಆಗಿದೆ. ಸಂಭ್ರಮಕ್ಕೆಂದು ಕೋಚ್‌ಗಳು, ತಾಯ್ತಂದೆಯರು ಸೇರಿ ತಂಡವನ್ನು ನಗರದ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತಾರೆ. ತಂಡದಲ್ಲಿ ಒಬ್ಬನೇ ಕಪ್ಪು ಹುಡುಗ, ಆಲ್ ಬ್ರೈಟ್. ಅವನಿಗೆ ಬೇಲಿಯೊಳಗೆ ಪ್ರವೇಶವಿಲ್ಲ. ಗೆಳೆಯರು ಒಳಗೆ ಆಡುತ್ತಿರುವಾಗ ಅವನು ಬೇಲಿಯ ಹೊರಗೆ ಹಾಸಿದ ಬಟ್ಟೆಯ ಮೇಲೆ ಕೂತಿದ್ದಾನೆ. ಆಗಾಗ ಯಾರೋ ಬಂದು ತಿಂಡಿ ಕೊಟ್ಟು ಹೋಗುತ್ತಾರೆ. ಕೆಲವು ಹಿರಿಯರಿಗೆ ಇದು ಸರಿಕಾಣದೆ ಕೊಳದ ಮೇಲ್ವಿಚಾರಕನೊಡನೆ ವಾದಿಸುತ್ತಾರೆ. ಕೊನೆಗೆ ಒಂದು ರಾಜಿ ಸೂತ್ರ. ಎಲ್ಲರೂ ನೀರಿನಿಂದ ಹೊರಗೆ ಬರಬೇಕು. ಹುಡುಗನನ್ನು ಒಂದು ರಬ್ಬರ್ ತೆಪ್ಪದ ಮೇಲೆ ಕೂರಿಸಲಾಗುತ್ತದೆ. ಜೀವರಕ್ಷಕ ಆ ತೆಪ್ಪವನ್ನು ತಳ್ಳುತ್ತ ಕೊಳಕ್ಕೆ ಒಂದು ಸುತ್ತು ಹಾಕಿಸುತ್ತಾನೆ. ನೀರನ್ನು ಮಾತ್ರ ಮುಟ್ಟಬೇಡ ಎಂದು ಮತ್ತೆ ಮತ್ತೆ ಎಚ್ಚರಿಸುತ್ತಾನೆ. ತಂಡದ ಉಳಿದ ಮಕ್ಕಳು ದಂಡೆಯಲ್ಲಿ ನಿಂತು ನೋಡುತ್ತಿದ್ದಾರೆ.

ಹುಡುಗ ದೊಡ್ಡವನಾಗಿ ಚಿತ್ರಕಲಾವಿದನಾದ, ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಆ ಒಂದು ಸುತ್ತಿನ ಬಳಿಕ ಅವನು ಮೊದಲಿನವನಾಗಿ ಉಳಿಯಲಿಲ್ಲ ಎಂದು ಬಾಲ್ಯದ ಗೆಳೆಯರೊಬ್ಬರು ನೆನೆದಿದ್ದಾರೆ. ಇಲ್ಲಿ ಯಾರೂ ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ತಮ್ಮ ಮಟ್ಟಿಗೆ ಒಳ್ಳೆಯವರಾಗಲು ನೋಡಿದರು. ಅವನಿಗೆ ಕೊಳ ಸಿಕ್ಕಿತು; ಸಿಗದೆ ಹೋದದ್ದು ಆಟ. ಚವದಾರ್ ಕೆರೆಗೆ ಸುರಿದ 108 ಕೊಡಗಳೂ ಯಂಗ್ಸ್‌ಟೌನಿನ ರಬ್ಬರ್ ತೆಪ್ಪವೂ ಒಂದನ್ನೊಂದು ಕಂಡಿರಲಿಲ್ಲ. ಆದರೂ ಎರಡೂ ಕಾಯುತ್ತಿದ್ದದ್ದು ಒಂದನ್ನೇ.

1964ರ ಜೂನ್‌ನಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಎಂಬ ಊರಿನ ಮೋಟೆಲ್ಲೊಂದರ ಈಜುಕೊಳಕ್ಕೆ ಕಪ್ಪು ಮತ್ತು ಬಿಳಿಯ ಸತ್ಯಾಗ್ರಹಿಗಳು ಒಟ್ಟಿಗೆ ಧುಮುಕಿದರು. ಮಾಲೀಕ ನೀರಿಗೆ ಆಸಿಡ್ ಸುರಿದ. ಆ ಚಿತ್ರ ಪತ್ರಿಕೆಗಳ ಮೂಲಕ ಲೋಕವನ್ನೆಲ್ಲ ಸುತ್ತಿತು. ಅದಾದ ಮರುದಿನ ಅಮೆರಿಕದ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಾನೂನು ಬಂದ ಮೇಲೆ ಹಲವು ಊರುಗಳು ಇನ್ನೊಂದು ಉಪಾಯ ಕಂಡುಕೊಂಡವು: ಹಂಚಿಕೊಳ್ಳುವ ಬದಲು ಮುಚ್ಚಿಬಿಡುವುದು. ಮಿಸಿಸಿಪಿಯ ಜಾಕ್ಸನ್ ನಗರ ಹೀಗೆ ಕೊಳಗಳನ್ನು ಮುಚ್ಚಿದ್ದನ್ನು ಸುಪ್ರೀಂ ಕೋರ್ಟು 1971ರಲ್ಲಿ 5–4ರ ಬಹುಮತದಿಂದ ಎತ್ತಿಹಿಡಿಯಿತು. ಎಲ್ಲರಿಗೂ ಸಮಾನವಾಗಿ ಮುಚ್ಚಿದರೆ ಅದು ಭೇದವಲ್ಲ ಎಂಬುದು ತರ್ಕ. ಇದೆಲ್ಲ ನಡೆಯುವಾಗ ಬಿಳಿಯ ಮಧ್ಯಮವರ್ಗ ಉಪನಗರಗಳ ಸದಸ್ಯತ್ವದ ಕ್ಲಬ್ಬುಗಳಿಗೂ ಮನೆಯ ಹಿತ್ತಲಿನ ಕೊಳಗಳಿಗೂ ಸರಿದಿತ್ತು.

ಲೇನ್, ಗಡಿಯಾರ, ಚೆಂಡು

ಮಕ್ಕಳ ಈಜು ತಂಡಗಳು ದೊಡ್ಡ ಸಂಖ್ಯೆಯಲ್ಲಿ ಬೆಳೆದದ್ದು ಈ ಕ್ಲಬ್ ಕೊಳಗಳಲ್ಲೇ. ಬೇಸಿಗೆ ಬಂತೆಂದರೆ ಬೀದಿಯ ಮಕ್ಕಳೆಲ್ಲ ತಂಡ, ವಾರಾಂತ್ಯದಲ್ಲಿ ಪಕ್ಕದ ಕ್ಲಬ್ಬಿನೊಡನೆ ಪಂದ್ಯ. ಯಾರು ಈ ‘ಬೀದಿಯ ಮಕ್ಕಳು’ ಎಂಬುದನ್ನು ಸದಸ್ಯತ್ವದ ಅರ್ಜಿ ತೀರ್ಮಾನಿಸುತ್ತಿತ್ತು. ಮೇರಿಲ್ಯಾಂಡಿನ ಕ್ಲಬ್ಬೊಂದು ನೆರೆಯ ಕಪ್ಪು ಕುಟುಂಬಗಳಿಗೆ ಪ್ರವೇಶ ನಿರಾಕರಿಸಿದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿದ್ದು 1973ರಷ್ಟು ಈಚೆಗೆ.

ಇದೇ ಕಾಲದಲ್ಲಿ ಅಭ್ಯಾಸದ ರೀತಿಯೂ ಬದಲಾಯಿತು. ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಜೇಮ್ಸ್ ಕೌನ್ಸಿಲ್‌ಮನ್ 1968ರಲ್ಲಿ ಬರೆದ ‘ದಿ ಸೈನ್ಸ್ ಆಫ್ ಸ್ವಿಮ್ಮಿಂಗ್’ ಕೊಳವನ್ನು ಪ್ರಯೋಗಾಲಯವಾಗಿ ಮಾಡಿತು. ಗೋಡೆಯ ದೊಡ್ಡ ಸೆಕೆಂಡು ಮುಳ್ಳಿನ ಗಡಿಯಾರ, ಇಂತಿಷ್ಟು ಮೀಟರಿಗೆ ಇಂತಿಷ್ಟು ವಿರಾಮ ಎಂಬ ಲೆಕ್ಕ, ಅಲೆಯನ್ನು ನುಂಗುವ ಲೇನ್ ಹಗ್ಗಗಳು ಎಲ್ಲೆಡೆ ಹರಡಿದವು. ಅವರ ಶಿಷ್ಯ ಮಾರ್ಕ್ ಸ್ಪಿಟ್ಜ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಏಳು ಚಿನ್ನ ಗೆದ್ದ. ಆಟ ಅಭ್ಯಾಸದ ತುದಿಗೆ ಸರಿದು, ಚೆನ್ನಾಗಿ ಈಜಿದವರಿಗೆ ಸಿಗುವ ಬಹುಮಾನವಾಯಿತು.

ಆಟವನ್ನೇ ಶಿಸ್ತಿಗೆ ಒಳಪಡಿಸುವ ಯತ್ನ ಇನ್ನೂ ಹಳೆಯದು. 1877ರಲ್ಲಿ ವಿಲಿಯಂ ವಿಲ್ಸನ್ ಎಂಬ ಸ್ಕಾಟ್ಲೆಂಡಿನ ಈಜುಗಾರ ಅಬರ್ಡೀನಿನ ಕ್ಲಬ್ಬೊಂದಕ್ಕಾಗಿ ನೀರಿನ ಫುಟ್‌ಬಾಲ್‌ಗೆ ನಿಯಮ ಬರೆದ. ಮೊದಮೊದಲು ಅದು ಚೆಂಡಿಗಾಗಿ ನಡೆಯುವ ಜಲಕುಸ್ತಿ. ಎದುರಾಳಿಯನ್ನು ಮುಳುಗಿಸಿ ಹಿಡಿಯುವುದೂ ಅದರ ಭಾಗ. ಕ್ರಮೇಣ ಯಾರನ್ನು, ಯಾವಾಗ, ಎಷ್ಟು ಮುಟ್ಟಬಹುದು ಎಂದು ಹೇಳುವ ನಿಯಮಗಳು ಬೆಳೆದು ವಾಟರ್ ಪೋಲೊ ಆಯಿತು. ಈ ‘ಪೋಲೊ’ ವೆನಿಸ್ಸಿನ ವರ್ತಕನ ಹೆಸರಲ್ಲ; ಚೆಂಡು ಎಂಬ ಅರ್ಥದ, ಬಾಲ್ಟಿಸ್ತಾನದ ಬಾಲ್ಟಿ ನುಡಿಯ ಪದ. ಆಟ 1900ರಲ್ಲೇ ಒಲಿಂಪಿಕ್ಸ್ ಸೇರಿತು, ಹೆಂಗಸರಿಗೆ ಅಲ್ಲಿ ಜಾಗ ಸಿಕ್ಕಿದ್ದು ಸರಿಯಾಗಿ ನೂರು ವರ್ಷದ ಮೇಲೆ, 2000ದ ಸಿಡ್ನಿಯಲ್ಲಿ. ಭಾರತದ ತಂಡವೂ 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಡಿತ್ತು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತ್ತು. ನಿಯಮಗಳು ಎಷ್ಟೇ ಬಿಗಿಯಾದರೂ ಮುಟ್ಟುವ ಕೈಯಲ್ಲಿ ಹೊರಗಿನ ಲೋಕ ಇದ್ದೇ ಇರುತ್ತದೆ. ಸೋವಿಯತ್ ಸೇನೆ ಹಂಗೇರಿಯ ದಂಗೆಯನ್ನು ಹತ್ತಿಕ್ಕಿದ ಮರುತಿಂಗಳೇ, 1956ರ ಡಿಸೆಂಬರ್ 6ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಎರಡೂ ದೇಶಗಳು ಎದುರಾದವು. ಹಂಗೇರಿ 4–0 ಮುಂದಿರುವಾಗ ಎರ್ವಿನ್ ಜಾಡೊರ್ ಎಂಬ ಆಟಗಾರ ಕಣ್ಣಿನ ಬಳಿ ರಕ್ತ ಸುರಿಸುತ್ತ ನೀರಿನಿಂದ ಮೇಲೆ ಬಂದ. ಪಂದ್ಯ ಅಲ್ಲಿಗೇ ನಿಂತಿತು.

ಈಜುಕೊಳವನ್ನು ಮತ್ತೆ ಎಲ್ಲರ ಆಟದ ಜಾಗವಾಗಿಸುವ ಕೆಲಸವೂ ತಂಡಗಳ ಮೂಲಕವೇ ನಡೆದಿದೆ. ಜಾಕ್ಸನ್ನಿನ ಕೊಳಗಳನ್ನು ಮುಚ್ಚಿದ್ದು ಸರಿ ಎಂದು ಕೋರ್ಟು ಹೇಳಿದ ಅದೇ 1971ರಲ್ಲಿ, ಫಿಲಡೆಲ್ಫಿಯಾದ ನೈಸ್‌ಟೌನ್ ಎಂಬ ಬಡ ಬಡಾವಣೆಯ ನಗರಸಭೆಯ ಕೊಳದಲ್ಲಿ ಜಿಮ್ ಎಲಿಸ್ ಎಂಬ ಕಪ್ಪು ಶಿಕ್ಷಕ ಮಕ್ಕಳ ಈಜು ತಂಡವೊಂದನ್ನು ಕಟ್ಟಿದರು. ಆ ತಂಡದ ಮಕ್ಕಳು ಕ್ರಮೇಣ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋದರು. 2007ರ ‘ಪ್ರೈಡ್’ ಸಿನಿಮಾ ಅವರ ಕಥೆ. ಹಾಗೆ ನೋಡಿದರೆ ಇದು ಹೊಸ ಕಲಿಕೆಯಲ್ಲ, ಕಳೆದುಹೋದದ್ದನ್ನು ಮರಳಿ ಪಡೆದದ್ದು. ಪಶ್ಚಿಮ ಆಫ್ರಿಕಾದ ಕರಾವಳಿಯ ಜನ ಯೂರೋಪಿಯನ್ನರು ಬೆರಗಾಗುವಷ್ಟು ನುರಿತ ಈಜುಗಾರರಾಗಿದ್ದರು ಎಂಬುದನ್ನು ಕೆವಿನ್ ಡಾಸನ್ ಎಂಬ ಇತಿಹಾಸಕಾರರು ಹಳೆಯ ಪ್ರವಾಸಿಗಳ ಬರಹಗಳಿಂದ ವಿಸ್ತಾರವಾಗಿ ತೋರಿಸಿದ್ದಾರೆ. ನೀರು ಬಲ್ಲವರ ಮೊಮ್ಮಕ್ಕಳಿಗೆ ನೀರು ಬರುವುದಿಲ್ಲ ಎಂಬ ಮಾತು ಹುಟ್ಟಿದ್ದು ಬೇಲಿಗಳಿಂದ.

ಕಣ್ಣು ಮುಚ್ಚಿ ಆಡುವುದು

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಈಜುಕೊಳವೊಂದರಲ್ಲಿ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ತಂಡದೊಡನೆ ಕೆಲವು ಶನಿವಾರ ನಾನೂ ಆಡಿದೆ. ಬೆಂಗಳೂರಿಗೆ ಈ ವಿಷಯದಲ್ಲಿ ಹೆಸರಿದೆ. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್, ಅಥೆನ್ಸಿಗೆ ಹೋದ ಶಿಖಾ ಟಂಡನ್, ಟೋಕಿಯೊ ಮತ್ತು ಪ್ಯಾರಿಸ್ಸಿನಲ್ಲಿ ಈಜಿದ ಶ್ರೀಹರಿ ನಟರಾಜ್ ಎಲ್ಲರೂ ಇಲ್ಲಿಯವರು. 14ರ ಹರೆಯದಲ್ಲೇ ಪ್ಯಾರಿಸ್ಸಿಗೆ ಹೋದ ಧಿನಿಧಿ ದೇಸಿಂಗು ಕೂಡ. ನಾನು ಆಡಿದ ಮಕ್ಕಳಲ್ಲೂ ಇಬ್ಬರು ಮೂವರು ಆ ಹೆಸರುಗಳನ್ನು ಮಂತ್ರದ ಹಾಗೆ ಹೇಳುತ್ತಿದ್ದರು.

ಮೊದಲು ಗಮನಕ್ಕೆ ಬಂದದ್ದು, ಲೇನ್‌ನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಆಟದಲ್ಲಿ ಮುಂದಿರಲಿಲ್ಲ. ಮಾರ್ಕೊ ಪೋಲೊಗೆ ವೇಗಕ್ಕಿಂತ ಸದ್ದಿಲ್ಲದೆ ಸರಿಯುವುದು ಬೇಕು, ಕಿವಿ ಬೇಕು. ನಿಯಮಗಳನ್ನು ಮಕ್ಕಳು ಪ್ರತಿ ವಾರ ತಿದ್ದುತ್ತಿದ್ದರು. ಗೋಡೆ ಹಿಡಿದರೆ ಸೇಫ್ ಎಂಬುದು ಒಂದು ವಾರ ಇತ್ತು, ಎಲ್ಲರೂ ಗೋಡೆಗೇ ಅಂಟಿಕೊಂಡಿದ್ದರಿಂದ ಮರುವಾರ ಹೋಯಿತು. ಚಿಕ್ಕವನೊಬ್ಬನನ್ನು ಮುಟ್ಟಿದರೆ ಲೆಕ್ಕವಿಲ್ಲ ಎಂದು ಶುರುವಿನಲ್ಲಿ ತೀರ್ಮಾನವಾಗಿತ್ತು. ನಮ್ಮ ಹಳ್ಳಿಯ ಆಟಗಳಲ್ಲಿ ಇಂಥವರಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತೇವೆ. ಮೂರನೆಯ ಶನಿವಾರ ಅವನೇ ಪ್ರತಿಭಟಿಸಿದ: ‘ನನ್ನನ್ನೂ ಹಿಡೀಬೇಕು.’ ಹಿಡಿದರು. ಅವನು ಕಣ್ಣು ಮುಚ್ಚಿಕೊಂಡು ಕೂಗಿದ ಮೊದಲ ‘ಮಾರ್ಕೊ’ಗೆ ಇಡೀ ಕೊಳ ಬೇಕೆಂದೇ ಗಟ್ಟಿಯಾಗಿ ಓಗೊಟ್ಟಿತು.

ನನ್ನ ಸರದಿ ಬಂದಾಗ ‘ಅಕ್ಕಾ, ಕಣ್ಣು ಬಿಡ್ಬಾರ್ದು!’ ಎಂದು ಎಲ್ಲ ಕಡೆಯಿಂದ ಎಚ್ಚರಿಕೆ. ಕಣ್ಣು ಮುಚ್ಚಿ ನೀರಿನಲ್ಲಿ ಕೈ ಚಾಚಿದಾಗ ಒಂದು ಭುಜವೋ ಹಿಮ್ಮಡಿಯೋ ಸಿಗುತ್ತದೆ. ಯಾರದ್ದೆಂದು ತಿಳಿಯುವುದು ಆಮೇಲೆ. ಸಿಕ್ಕವರು ನಕ್ಕ ಮೇಲೆಯೇ ಹೆಸರು. ಆಟದ ನಡುವೆ ಕೋಚ್ ಒಂದೇ ಒಂದು ವಿಷಯಕ್ಕೆ ಸೀಟಿ ಊದುತ್ತಿದ್ದರು: ಯಾರಾದರೂ ಇನ್ನೊಬ್ಬರ ತಲೆ ಅದುಮಿದರೆ. ಭೀಮನ ಆಟಕ್ಕೆ ಅಲ್ಲಿ ಅವಕಾಶವಿರಲಿಲ್ಲ.

ಅಂದಹಾಗೆ, ಹೆಸರಿನ ಆ ಮಾರ್ಕೊ ಪೋಲೊ ನಿಜಕ್ಕೂ ನಮ್ಮ ದಕ್ಷಿಣದ ನೀರಿನ ಬಗ್ಗೆ ಬರೆದಿದ್ದಾನೆ. ಸಿಂಹಳ ಮತ್ತು ತಮಿಳು ಕರಾವಳಿಯ ನಡುವಿನ ಕಡಲಲ್ಲಿ ಮುತ್ತಿಗಾಗಿ ಮುಳುಗುವವರನ್ನೂ, ಅವರಿಗೆ ದೊಡ್ಡ ಮೀನುಗಳು ಕೇಡು ಮಾಡದಂತೆ ಮಂತ್ರ ಹಾಕುವವರನ್ನೂ ಅವನು ವಿವರಿಸುತ್ತಾನೆ. ಸಿಕ್ಕ ಮುತ್ತಿನಲ್ಲಿ ಅರಸನಿಗೆ ಹತ್ತರಲ್ಲೊಂದು ಪಾಲು, ಮಂತ್ರ ಹಾಕಿದವರಿಗೆ ಇಪ್ಪತ್ತರಲ್ಲೊಂದು. ಇಂದು ಮಕ್ಕಳು ಶಾರ್ಕ್, ಸಣ್ಣ ಮೀನು ಎಂದು ಆಡುವುದು ಆ ಮುಳುಗುಗಾರರಿಗೆ ಹೊಟ್ಟೆಪಾಡಾಗಿತ್ತು. ಕೆಲಸಕ್ಕಾಗಿ ನೀರಿಗಿಳಿಯುವವರನ್ನು ಯಾರೂ ತಡೆದಿಲ್ಲ. ಮೀನು ಹಿಡಿಯಲು, ಬಾವಿಯ ಹೂಳೆತ್ತಲು, ಮುಳುಗಿದವರ ಹೆಣ ತೆಗೆಯಲು ಅವರೇ ಬೇಕು. ತಡೆ ಇರುವುದು ಆಟಕ್ಕೆ ಬಂದಾಗ.

ಯಾರು ಜೊತೆಗಿದ್ದರು?

ಪ್ರತಿ ಬೇಸಿಗೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಕೃಷಿ ಹೊಂಡದಲ್ಲಿ, ನೀರು ತುಂಬಿದ ಕಲ್ಲು ಕ್ವಾರಿಯಲ್ಲಿ, ನಾಲೆಯಲ್ಲಿ ಈಜಲು ಹೋದ ಇಬ್ಬರು ಅಥವಾ ಮೂವರು ಬಾಲಕರ ಸಾವು. ಎರಡು ಮೂರು ಮಂದಿ ಒಟ್ಟಿಗೆ ಏಕೆ? ಒಬ್ಬ ಮುಳುಗುವಾಗ ಇನ್ನೊಬ್ಬ ಹಿಡಿಯಲು ಹೋಗಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 30 ದಾಟದವರು. ಅಮೆರಿಕದ ಈಜುಕೊಳಗಳಲ್ಲಿ ಮುಳುಗುವ ಕಪ್ಪು ಮಕ್ಕಳ ಪ್ರಮಾಣ ಬಿಳಿಯ ಮಕ್ಕಳಿಗಿಂತ ಇಂದಿಗೂ ಹಲವು ಪಟ್ಟು ಹೆಚ್ಚು. ಬೇಲಿ ತೆಗೆದು ಅರ್ಧ ಶತಮಾನವಾದರೂ ಬೇಲಿಯ ಹೊರಗೆ ಕೂತಿದ್ದವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಕಲಿಸಬೇಕಾದವರೇ ಕಲಿತಿರಲಿಲ್ಲ.

ನೀರಾಟ ಮಕ್ಕಳನ್ನು ಸೆಳೆದೇ ಸೆಳೆಯುತ್ತದೆ. ಕೊಳವಿದ್ದರೆ ಕೊಳದಲ್ಲಿ, ಇಲ್ಲದಿದ್ದರೆ ಕ್ವಾರಿಯಲ್ಲಿ. ನಮ್ಮ ನಗರಗಳಲ್ಲಿ ಅಪಾರ್ಟ್‌ಮೆಂಟಿಗೊಂದು ನೀಲಿ ಕೊಳ ಬಂದಿದೆ. ಅದನ್ನು ತೊಳೆಯುವವರ ಮಕ್ಕಳಿಗೆ ಅದರಲ್ಲಿ ಇಳಿಯುವ ಹಕ್ಕಿಲ್ಲದಿರುವುದು ಯಾರಿಗೂ ಸುದ್ದಿಯೆನಿಸುವುದಿಲ್ಲ. ಇಲ್ಲಿ ಜಾತಿಯ ಹೆಸರೆತ್ತುವವರಿಲ್ಲ, ನಿರ್ವಹಣಾ ಶುಲ್ಕದ ಹೆಸರು ಸಾಕು. ಸರ್ಕಾರಿ ಕೊಳಗಳ ಸಂಖ್ಯೆ ಬೆರಳೆಣಿಕೆಯದು. ಶಾಲೆಗೊಂದು ಮೈದಾನ ಬೇಕೆಂದು ಒಪ್ಪುವ ನಾವು ಹೋಬಳಿಗೊಂದು ಕಾವಲಿರುವ ಕೊಳ ಬೇಕೆಂದು ಇನ್ನೂ ಕೇಳತೊಡಗಿಲ್ಲ.

ಸಂಶೋಧನೆಗೆಂದು ಊರೂರಿನ ಹಿರಿಯರನ್ನು ಮಾತನಾಡಿಸುವಾಗ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈಜು ಕಲಿತದ್ದು ಯಾವ ನೀರಿನಲ್ಲಿ? ಈ ಪ್ರಶ್ನೆಗೆ ಮುಖಗಳು ಅರಳುತ್ತವೆ. ಬಾವಿಯ ಹೆಸರು, ತೋಟದ ಯಜಮಾನನ ಬೈಗುಳ, ಬಟ್ಟೆ ಬಚ್ಚಿಟ್ಟ ಗೆಳೆಯ, ಮನೆಗೆ ಹೋದ ಮೇಲೆ ಬಿದ್ದ ಏಟು ಎಲ್ಲ ಹೊರಬರುತ್ತವೆ. ಎರಡನೆಯ ಪ್ರಶ್ನೆ: ಆ ನೀರಿನಲ್ಲಿ ನಿಮ್ಮ ಜೊತೆ ಯಾರು ಯಾರು ಇದ್ದರು, ಯಾರು ಇರಲಿಲ್ಲ? ಮಾತು ಅಲ್ಲಿ ನಿಧಾನವಾಗುತ್ತದೆ. ಕೆಲವರು ಎಲ್ಲರೂ ಇದ್ದರು ಎನ್ನುತ್ತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹೆಸರು ಹೇಳುತ್ತಾರೆ: ಅವನು ಬರುತ್ತಿದ್ದ, ಮೇಲೆ ಕಟ್ಟೆಯ ಮೇಲೆ ಕೂತು ನಮ್ಮ ಬಟ್ಟೆ ಕಾಯುತ್ತಿದ್ದ.